ಅಕ್ಕನಿಗೆ ಬಚ್ಚಿಟ್ಟ ನಿಧಿ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರೆ ಕೆಂಪಗಾಗುತ್ತದಲ್ಲ, ಆ ನೀರಿಗೆ ನಮ್ಮ ಕಡೆ ಒಂದು ಹೆಸರಿದೆ. ಓ... ಓಲಿ? ಅಲ್ಲ. ಓಗರ? ಅದು ಅನ್ನ. ಇಂದೋರಿಗೆ ಬಂದ ಮೇಲೆ ಆ ಮಾತು ಆಡುವವರೇ ಸಿಗಲಿಲ್ಲ. ಇಲ್ಲಿ ಎಲ್ಲದಕ್ಕೂ ರಂಗ್ ಎಂದುಬಿಡುತ್ತಾರೆ. ಇರಲಿ ಮಗಾ, ಸದ್ಯಕ್ಕೆ ಕೆಂಪುನೀರು ಎನ್ನೋಣ. ಕತೆ ಮುಗಿಯುವಷ್ಟರಲ್ಲಿ ತಾನೇ ಬಾಯಿಗೆ ಬಂದೀತು.

ಬಹಳ ಬಹಳ ಹಿಂದೆ, ಕೋಣಗಳು ಮಾತಾಡುತ್ತಿದ್ದ ಕಾಲದಲ್ಲಿ, ಮುತ್ತಿನಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಹೊಟ್ಟೆಕಿಚ್ಚು ಬರಿಯ ಮಾತಾಗಿರಲಿಲ್ಲ. ಒಬ್ಬರನ್ನು ಕಂಡು ಇನ್ನೊಬ್ಬರಿಗೆ ಕರುಬು ಹುಟ್ಟಿದರೆ ಅವರ ಹೊಟ್ಟೆ ನಿಜವಾಗಿಯೂ ಕಾದ ಹೆಂಚಿನಂತೆ ಸುಡುತ್ತಿತ್ತು. ಸವತಿಯರಿದ್ದ ಮನೆಗಳಲ್ಲಿ ಚಳಿಗಾಲಕ್ಕೆ ಸೌದೆ ಕೊಳ್ಳುತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಅಲ್ಲಿಯ ರಾಜ ಊರಿನ ಮಕ್ಕಳಿಗೆಲ್ಲ ನಿಧಿ ಹುಡುಕುವ ಆಟ ಆಡಿಸುತ್ತಿದ್ದ. ನಿಧಿ ಎಂದರೆ ಕೊಪ್ಪರಿಗೆ ತುಂಬ ಎಳ್ಳುಂಡೆ, ಬೆಲ್ಲದಚ್ಚು, ಬುಗುರಿ, ಬಣ್ಣದ ಬಳೆ. ಅದು ಎಲ್ಲಿದೆ ಎಂದು ಹೇಳುವ ಗುಟ್ಟಿನ ಓಲೆಗಳನ್ನು ಕಾಣದ ಮಸಿಯಲ್ಲಿ ಬರೆದು ಊರೆಲ್ಲ ಬಚ್ಚಿಡುತ್ತಿದ್ದರು. ನಿಂಬೆರಸದಲ್ಲಿ ಬರೆದದ್ದು ಬಿಸಿ ತಾಗಿದರೆ ಕಾಣುತ್ತಿತ್ತು. ಕಳ್ಳಿಹಾಲಿನಲ್ಲಿ ಬರೆದದ್ದು ಬೂದಿ ತೂರಿದರೆ ಕಾಣುತ್ತಿತ್ತು. ಸುಣ್ಣದ ತಿಳಿಯಲ್ಲಿ ಬರೆದದ್ದು ಅರಿಶಿನದ ನೀರು ಚಿಮುಕಿಸಿದರೆ ಕಾಣುತ್ತಿತ್ತು. ಹಾಗಾಗಿ ಮಕ್ಕಳು ಬೂದಿ, ಅರಿಶಿನ, ಕೆಂಡದ ಕುಡಿಕೆ ಹಿಡಿದೇ ಆಟಕ್ಕೆ ಹೊರಡುತ್ತಿದ್ದರು.

ಈ ಓಲೆಗಳ ಕೆಲಸ ಸಂಕವ್ವ, ಚೆಲುವಿ ಎಂಬ ಅಕ್ಕತಂಗಿಯರದು. ಅಕ್ಕ ಸಂಕವ್ವ ನಿಂಬೆ ಹಿಂಡುತ್ತಿದ್ದಳು, ಕಳ್ಳಿಗೆ ಗಾಯ ಮಾಡಿ ಹಾಲು ಹಿಡಿಯುತ್ತಿದ್ದಳು, ಸುಣ್ಣ ನೆನೆಹಾಕಿ ತಿಳಿ ಬಸಿಯುತ್ತಿದ್ದಳು. ಅವಳ ಬೆರಳ ಸಂದಿಯೆಲ್ಲ ಬಿರುಕು. ತಂಗಿ ಚೆಲುವಿ ನವಿಲುಗರಿ ಅದ್ದಿ ಬರೆಯುತ್ತಿದ್ದಳು, ಬರೆದದ್ದನ್ನು ಬಚ್ಚಿಡುತ್ತಿದ್ದಳು. ನಿಧಿ ಸಿಕ್ಕ ಕೂಡಲೆ ಮಕ್ಕಳೆಲ್ಲ, "ಚೆಲುವಕ್ಕಾ! ಚೆಲುವಕ್ಕಾ!" ಎಂದು ಕುಣಿಯುತ್ತಿದ್ದರು. ಸಂಕವ್ವನ ಹೊಟ್ಟೆ ಚುರುಕ್ಕೆನ್ನುತ್ತಿತ್ತು.

"ಹಿಂಡಿದ್ದು ನಾನು, ಹೆಸರು ಅವಳದು," ಎಂದುಕೊಳ್ಳುತ್ತಿದ್ದಳು.

ಅವರವ್ವ ತಮಾಷೆಗೆ, "ಬಾರೇ ಸಂಕಿ, ನಿನ್ನ ಹೊಟ್ಟೆಯ ಮೇಲೆ ಎರಡು ಹಪ್ಪಳ ಸುಟ್ಟುಕೊಳ್ಳುತ್ತೇನೆ," ಎನ್ನುತ್ತಿದ್ದಳು. ಸಂಕವ್ವನಿಗೆ ನಗು ಬರುತ್ತಿರಲಿಲ್ಲ.

ಒಂದು ವರ್ಷ ಆಟಕ್ಕೆ ಮುಂಚೆ ರಾಜ ಡಂಗುರ ಹೊಡೆಸಿದ. "ಈ ಸಲ ಚೆಲುವಿಯನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತೇವೆ." ಅದನ್ನು ಕೇಳಿದ್ದೇ ಸಂಕವ್ವನ ಸೀರೆಯ ನೆರಿಗೆ ಕಂದಿಹೋಯಿತು. ಅವಳು ನೆಟ್ಟಗೆ ಮಂಜಿನ ಬೆಟ್ಟ ಹತ್ತಿದಳು. ಬೆಟ್ಟದ ಗುಹೆಯಲ್ಲಿ ಕರುಬನೆಂಬ ಮಾಯಾವಿ ಇದ್ದ. ಅವನ ಹೊಟ್ಟೆಯ ಕಿಚ್ಚು ಎಷ್ಟೆಂದರೆ, ಬೆಚ್ಚಗಿನ ಜಾಗದಲ್ಲಿದ್ದರೆ ತಾನೇ ಉರಿದುಹೋದೇನೆಂದು ಹೆದರಿ ಹಿಮ ತುಂಬಿದ ಗುಹೆ ಸೇರಿದ್ದ.

"ಏನು ಬೇಕು?" ಎಂದ ಕರುಬ.

"ನನ್ನ ತಂಗಿ ಯಾರ ಕಣ್ಣಿಗೂ ಕಾಣಬಾರದು."

"ಅಷ್ಟೇ ತಾನೆ? ಅವಳನ್ನು ನನಗೆ ಬಿಡು. ಹೊಗಳಿಸಿಕೊಳ್ಳುವವರನ್ನು ಕಂಡರೆ ನನಗೂ ಆಗುವುದಿಲ್ಲ," ಎಂದು ಕರುಬ ಊರಿನ ಕಡೆಗೆ ಉಫ್ ಎಂದು ಊದಿದ. ಅಂಗಳದಲ್ಲಿ ಗರಿ ತೊಳೆಯುತ್ತಿದ್ದ ಚೆಲುವಿ, ಬಟ್ಟೆಯ ಮೇಲಿನ ನಿಂಬೆರಸ ಒಣಗಿದ ಹಾಗೆ, ಇದ್ದಲ್ಲೇ ಮಾಯವಾದಳು.

ಸಂಕವ್ವ ಹಗುರಾಗಿ ಮನೆಗೆ ಬಂದಳು. ಅವ್ವ ಬೀದಿ ಬೀದಿ ಕೂಗುತ್ತಿದ್ದಳು. ಮಕ್ಕಳು ಅಳುತ್ತಿದ್ದರು. "ಅತ್ತುಕೊಳ್ಳಲಿ," ಎಂದುಕೊಂಡು ಸಂಕವ್ವ ಸುಣ್ಣದ ಮಡಕೆಯ ಮುಚ್ಚಳ ತೆಗೆದಳು. ಅದರೊಳಗೆ ಮಡಿಸಿದ ಒಂದು ಖಾಲಿ ಕಾಗದ.

"ನನ್ನ ಮಡಕೆಯಲ್ಲೂ ಅವಳದೇ ಓಲೆ! ಯಾರ ಮಕ್ಕಳಿಗೋ ಏನೋ!" ಎಂದು ಸಿಟ್ಟಿನಿಂದ ಅದನ್ನು ಸೊಂಟಕ್ಕೆ ಸಿಕ್ಕಿಸಿದಳು. ಹೊಟ್ಟೆ ಚುರುಕ್ಕೆಂದಿತು. ಸುಟ್ಟ ನಿಂಬೆಯ ವಾಸನೆ ಬಂತು. ಎಳೆದು ನೋಡಿದರೆ ಕಂದು ಅಕ್ಷರ ಮೂಡಿತ್ತು.

"ಅಕ್ಕಾ, ಊರಿನ ಮಕ್ಕಳೆಲ್ಲ ನಿಧಿ ಹುಡುಕುತ್ತಾರೆ. ಮಸಿ ಮಾಡುವ ನಿನಗೆ ಮಾತ್ರ ಎಂದೂ ಹುಡುಕುವ ಸುಖ ಸಿಗಲಿಲ್ಲ. ಈ ವರ್ಷ ನಿನಗೇ ಒಂದು ನಿಧಿ ಬಚ್ಚಿಟ್ಟಿದ್ದೇನೆ. ಮುಂದಿನ ಗುರುತು ಕಳ್ಳಿಗುಡ್ಡದ ಕೋಣನ ಪಕ್ಕೆಯಲ್ಲಿ."

ಸಂಕವ್ವ ಅದನ್ನು ಎರಡು ಸಲ ಓದಿದಳು. ಆಮೇಲೆ ಬೂದಿ, ಅರಿಶಿನ, ಕೆಂಡದ ಕುಡಿಕೆ ಕಟ್ಟಿಕೊಂಡು ಓಡಿದಳು.

ಮಂಜಿನ ಬೆಟ್ಟದ ಬುಡದಲ್ಲೇ ಕಳ್ಳಿಗುಡ್ಡ. ಅಲ್ಲಿ ಮನೆಯಷ್ಟು ಎತ್ತರದ ಕರೀಕೋಣ ದಾರಿಗೆ ಅಡ್ಡ ನಿಂತಿತ್ತು. "ಹತ್ತಿರ ಬಂದರೆ ತಿವಿಯುತ್ತೇನೆ," ಎಂದಿತು.

"ಯಾಕಣ್ಣಾ ಇಷ್ಟು ಕೋಪ?"

"ಯಾಕಂತೆ! ಹಸುವಿಗೆ ಅರಿಶಿನ ಕುಂಕುಮ, ಎತ್ತಿಗೆ ಕೊಂಬಿನ ಗೊಂಡೆ. ನನ್ನ ಹೆಸರು ಹಿಡಿದು ಜನ ಮಕ್ಕಳನ್ನು ಬೈಯುತ್ತಾರೆ. ಹೊಟ್ಟೆ ಉರಿಯದೇ ಇರುತ್ತದೆಯೇ?"

"ಉರಿಯುತ್ತದೆ," ಎಂದಳು ಸಂಕವ್ವ. "ನನಗೂ ಗೊತ್ತು ಆ ಉರಿ. ಬಾ, ಮೈ ತಿಕ್ಕುತ್ತೇನೆ."

ಹಾಗೆ ಕೋಣನನ್ನು ಮಾತಾಡಿಸಿದವರಲ್ಲಿ ಇವಳೇ ಎರಡನೆಯವಳು. ಮೊದಲನೆಯವಳು ಚೆಲುವಿ. ಅದು ಕಣ್ಣು ಮುಚ್ಚಿ ನಿಂತಿತು. ಸಂಕವ್ವ ಬೂದಿ ಹಚ್ಚಿ ಗರಗರ ತಿಕ್ಕಿದಳು. ಕರೀ ಪಕ್ಕೆಯ ಮೇಲೆ ಕಳ್ಳಿಹಾಲಿನ ಅಕ್ಷರಗಳು ಬೆಳ್ಳಗೆ ಎದ್ದವು.

"ಭೇಷ್ ಅಕ್ಕಾ! ಕೊನೆಯ ಗುರುತು ನನ್ನ ಸೊಂಟದ ಚೀಲದಲ್ಲಿದೆ. ನನ್ನನ್ನು ಹಿಡಿ ನೋಡೋಣ!"

ಸಂಕವ್ವ ಕೋಣನ ಕುತ್ತಿಗೆಗೆ ಮುಖ ಒತ್ತಿ ಅತ್ತಳು. "ಅವಳನ್ನು ಅಕ್ಷರದ ಹಾಗೆ ಅಳಿಸಿಹಾಕಿದವಳೇ ನಾನು. ಎಲ್ಲಿ ಹಿಡಿಯಲಿ?"

"ಹಾಗೆ ಅಳಿಸಿಹೋದವರನ್ನೆಲ್ಲ ಕರುಬ ಗುಹೆಯಲ್ಲಿ ನೇತು ಹಾಕುತ್ತಾನೆ. ಹತ್ತು ನನ್ನ ಬೆನ್ನು," ಎಂದಿತು ಕೋಣ.

ಗುಹೆಯಲ್ಲಿ ಕರುಬ ಇರಲಿಲ್ಲ. ಒಳಗೆ ಉದ್ದಕ್ಕೂ ಹಗ್ಗ, ಹಗ್ಗದ ಮೇಲೆ ಬಿಳಿಯ ಬಟ್ಟೆಗಳು. ಒಂದೊಂದು ಬಟ್ಟೆಯೂ ಒಬ್ಬೊಬ್ಬ ಮನುಷ್ಯ. ಹಾಡಿ ಹೊಗಳಿಸಿಕೊಂಡವರು, ಕುಣಿದು ಹೊಗಳಿಸಿಕೊಂಡವರು, ಒಳ್ಳೆಯ ಸಾರು ಮಾಡಿ ಹೊಗಳಿಸಿಕೊಂಡವರು. ಎಲ್ಲ ಒಂದೇ ಬಿಳುಪು. ಇದರಲ್ಲಿ ಚೆಲುವಿ ಯಾವುದು?

ಸಂಕವ್ವ ತನ್ನ ಬಿರುಕು ಬಿಟ್ಟ ಕೈ ನೋಡಿಕೊಂಡಳು. ತಾನು ಬಸಿದ ಸುಣ್ಣದ ತಿಳಿಯಲ್ಲಿ ತಂಗಿ ದಿನವೂ ಗರಿ ಅದ್ದುತ್ತಿದ್ದಳಲ್ಲ! ಗುಹೆಯ ನೀರಿಗೆ ಅರಿಶಿನ ಕದಡಿ ಬಟ್ಟೆಗಳ ಮೇಲೆಲ್ಲ ಎರಚಿದಳು. ಎಲ್ಲವೂ ಹಳದಿಯಾದವು. ಮೂಲೆಯಲ್ಲಿದ್ದ ಒಂದು ಮಾತ್ರ ಕೆಂಪಾಯಿತು. ಮೊದಲು ಬೆರಳು, ಆಮೇಲೆ ತೋಳು, ಆಮೇಲೆ ಮುಖ. ಚೆಲುವಿ ಹಗ್ಗದಿಂದ ಧೊಪ್ಪನೆ ಬಿದ್ದಳು.

"ಹಿಡಿದುಬಿಟ್ಟೆಯಲ್ಲೇ ಅಕ್ಕಾ!" ಎಂದು ನಕ್ಕಳು.

"ನಿನ್ನನ್ನು ಇಲ್ಲಿಗೆ ಕಳಿಸಿದ್ದೇ ನಾನು ಕಣೇ."

ಚೆಲುವಿಯ ನಗು ನಿಂತಿತು. "ಮನೆಗೆ ಹೋಗಿ ಜಗಳ ಆಡೋಣ," ಎಂದು ಚೀಲದಿಂದ ಖಾಲಿ ಕಾಗದ ತೆಗೆದು ಅಕ್ಕನ ಕೈಗಿಟ್ಟಳು. "ಮೊದಲು ಇದನ್ನು ಓದು."

ಕುಡಿಕೆಯ ಕೆಂಡ ಆ ಚಳಿಗೆ ಆರಿಹೋಗಿತ್ತು. ಸಂಕವ್ವ ಕಾಗದವನ್ನು ಹೊಟ್ಟೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಆನೆಯ ಮೆರವಣಿಗೆ ನೆನೆದಳು. ಮಕ್ಕಳ ಕೂಗು ನೆನೆದಳು. ಚಿಕ್ಕಂದಿನಲ್ಲಿ ಅವ್ವ ತಂಗಿಗೆ ಕೊಟ್ಟ ದೊಡ್ಡ ಹೋಳಿಗೆಯನ್ನೂ ನೆನೆದಳು. ಊಹೂಂ, ಹೊಟ್ಟೆ ತಣ್ಣಗೇ ಇತ್ತು.

"ಬೇಕಾದಾಗ ಬರುವುದಿಲ್ಲ ನೋಡು ಹಾಳು ಕಿಚ್ಚು," ಎನ್ನುವಷ್ಟರಲ್ಲಿ ಕರುಬ ಬಂದು ಬಾಗಿಲಿಗೆ ಅಡ್ಡ ನಿಂತ.

"ಏನದು ಕೈಯಲ್ಲಿ?"

"ನನ್ನ ತಂಗಿ ನನಗೆ ಬರೆದ ಓಲೆ," ಎಂದಳು ಸಂಕವ್ವ.

"ನಿನಗೆ? ಅವಳನ್ನೇ ಅಳಿಸಿಹಾಕಲು ಬಂದ ನಿನಗೆ ಓಲೆ! ಹುಟ್ಟಿದಾಗಿನಿಂದ ನನಗೆ ಯಾರೂ ಒಂದು ಅಕ್ಷರ ಬರೆದಿಲ್ಲ!" ಕರುಬ ಕಾಗದ ಕಿತ್ತುಕೊಂಡ, ಎದೆಗೂ ಹೊಟ್ಟೆಗೂ ಅವಚಿಕೊಂಡ. ಅವನ ಹೊಟ್ಟೆ ಧಗ್ಗೆಂದಿತು. ಗುಹೆಯ ಹಿಮ ತೊಟ್ಟಿಕ್ಕತೊಡಗಿತು. ಕಾಗದದ ಮೇಲೆ ಒಂದೊಂದಾಗಿ ಅಕ್ಷರ ಮೂಡಿತು. ಅವನೇ ಗಟ್ಟಿಯಾಗಿ ಓದಿದ.

"ಅಕ್ಕಾ, ನಿಧಿ ಇದೇ. ಮುಂದಿನ ವರ್ಷದಿಂದ ನಾನು ಹಿಂಡುತ್ತೇನೆ, ನೀನು ಬರಿ. ಗರಿ ನಿನ್ನದು, ಆನೆಯೂ ನಿನ್ನದು."

"ಆನೆಯನ್ನೂ ಕೊಟ್ಟಳೇ!" ಎಂದು ಕರುಬ ಚೀರಿದ. ಕಾಗದಕ್ಕೆ ಕಿಡಿ ಹತ್ತಿತು, ಕಾಗದದಿಂದ ಗಡ್ಡಕ್ಕೆ, ಗಡ್ಡದಿಂದ ನಿಲುವಂಗಿಗೆ. ಹಿಮವೆಲ್ಲ ಕರಗಿದರೂ ಆ ಕಿಚ್ಚು ಆರಲಿಲ್ಲ. ಕೊನೆಗೆ ಒಂದು ಬೊಗಸೆ ಬೂದಿ ಉಳಿಯಿತು. ಹಗ್ಗದ ಮೇಲಿನ ಬಟ್ಟೆಗಳೆಲ್ಲ ಮನುಷ್ಯರಾಗಿ ಕೆಳಗಿಳಿದು, ಮೈಗೆ ಹತ್ತಿದ ಅರಿಶಿನ ನೋಡಿಕೊಂಡು, "ಯಾರ ಮದುವೆ?" ಎಂದು ಕೇಳಿದವು.

ಸಂಕವ್ವ ಆ ಬೂದಿಯನ್ನು ಸೆರಗಿಗೆ ಕಟ್ಟಿಕೊಂಡಳು. ಕಳ್ಳಿಹಾಲಿನ ಅಕ್ಷರಕ್ಕೆ ಅಂಥ ಬೂದಿ ಮತ್ತೆಲ್ಲೂ ಸಿಗುವುದಿಲ್ಲ.

ಮನೆಗೆ ಬಂದು ಅಕ್ಕತಂಗಿಯರು ಮನಸಾರೆ ಜಗಳ ಆಡಿದರು. ಅವ್ವ ನಡುವೆ ಬರಲಿಲ್ಲ. ಮರುವರ್ಷ ಸಂಕವ್ವ ಬರೆದಳು, ಚೆಲುವಿ ಹಿಂಡಿದಳು. ಮಕ್ಕಳು "ಸಂಕಕ್ಕಾ! ಸಂಕಕ್ಕಾ!" ಎಂದು ಕುಣಿದರು. ಸಂಕವ್ವ ಆನೆಯ ಮೇಲೆ ಹೋಗುವಾಗ ಕೆಳಗೆ ನಿಂತ ಚೆಲುವಿಯ ಹೊಟ್ಟೆಯೂ ಸ್ವಲ್ಪ ಬೆಚ್ಚಗಾಯಿತಂತೆ. ಹಪ್ಪಳ ಸುಡುವಷ್ಟಲ್ಲ, ಹಾಲು ಉಗುರುಬೆಚ್ಚಗಾಗುವಷ್ಟು. ಸಂಕವ್ವನಿಗೆ ಅದು ತಿಳಿಯಿತು. ಕೈ ಚಾಚಿ ಅವಳನ್ನೂ ಮೇಲಕ್ಕೆಳೆದುಕೊಂಡಳು. ಅಂದಿನಿಂದ ಒಂದು ವರ್ಷ ಇವಳು ಗರಿ ಹಿಡಿದರೆ ಮರುವರ್ಷ ಅವಳು. ಕೋಣನ ಕೊಂಬಿಗೂ ಗೊಂಡೆ ಬಂತು. ಮುತ್ತಿನಕೋಟೆಯಲ್ಲಿ ಎಲ್ಲರೂ ನಗುನಗುತ್ತ ಬಾಳಿದರು, ಚಳಿಗಾಲಕ್ಕೆ ಮಾತ್ರ ಸೌದೆ ಕೊಳ್ಳಬೇಕಾಯಿತು.

ಆನೆ ಮನೆಯ ಮುಂದೆ ಬಂದು ನಿಂತಾಗ ಅವ್ವ ತಟ್ಟೆಯಲ್ಲಿ ಅರಿಶಿನ ಸುಣ್ಣ ಕದಡಿ, ದೃಷ್ಟಿ ತೆಗೆದು, ಇಬ್ಬರ ಕಾಲಿಗೂ ಎರೆದಳು, ಆ ಕೆಂಪನೆಯ... ಓಕುಳಿ! ಓಕುಳಿ ಕಣೋ ಮಗಾ! ಬಂತು ನೋಡು ಬಾಯಿಗೆ. ಪೆನ್ನು ತಾ, ಬೇಗ ಬರೆದಿಡು. ಕಾಣುವ ಮಸಿಯಲ್ಲೇ ಬರಿ.