ತೊಳೆದಿಟ್ಟ ಹೆಪ್ಪಿನ ಡಬ್ಬಿ

"ಯಾರ್ರೀ ಇದನ್ನ ತೊಳೆದಿದ್ದು? ಯಾರು?"

ನರ್ಸಕ್ಕನ ಕೂಗು ಕೇಳಿದಾಗ ನಾನೂ ಟೀಚರಮ್ಮನೂ ಬೆಳಗಿನ ನಡಿಗೆ ಮುಗಿಸಿ ಟೆಂಟುಗಳ ಹತ್ತಿರ ಬರುತ್ತಿದ್ದೆವು. ಅವಳು ನಲ್ಲಿಯ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಪುಟ್ಟ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ಅದರ ಮುಚ್ಚಳ. ಎರಡೂ ಫಳಫಳ ಹೊಳೆಯುತ್ತಿದ್ದವು, ಡಬ್ಬಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳ ಮುಖ ನೋಡಿದರೆ ಯಾರೋ ತೀರಿಕೊಂಡ ಸುದ್ದಿ ಬಂದಿದೆ ಎನ್ನಬೇಕು, ಹಾಗಿತ್ತು. ಆ ಡಬ್ಬಿಯಲ್ಲಿ ಇದ್ದದ್ದು ಮೊಸರಿನ ಹೆಪ್ಪು.

ನಗಬೇಡಿ. ನರ್ಸಕ್ಕ ಈ ದೇಶಕ್ಕೆ ಹೊರಟಾಗ ಅವಳ ಅಮ್ಮ ಒಂದು ಹೊಸ ಕರವಸ್ತ್ರಕ್ಕೆ ಮನೆಯ ಮೊಸರು ಸವರಿ, ನೆರಳಲ್ಲಿ ಒಣಗಿಸಿ, ಮಡಚಿ ಕೊಟ್ಟಿದ್ದರು. ಇಲ್ಲಿ ಆ ಬಟ್ಟೆಯನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ನೆನೆಸಿ ಅವಳು ಹೆಪ್ಪು ಎಬ್ಬಿಸಿದಳು. ಅಂದಿನಿಂದ ಒಂದು ದಿನದ ಮೊಸರಿನಿಂದ ಮರುದಿನದ ಮೊಸರು, ಹೀಗೇ ನಡೆದುಕೊಂಡು ಬಂದಿತ್ತು. ಕಳೆದ ವರ್ಷ ಅಮ್ಮ ಹೋದರು, ಊರಿನ ಅಡುಗೆಮನೆಗೆ ಬೀಗ ಬಿತ್ತು. ಅಮ್ಮನ ಕೈಯದು ಅಂತ ಅವಳಿಗೆ ಉಳಿದದ್ದು ಈ ಡಬ್ಬಿಯೊಳಗಿನ ನಾಲ್ಕು ಚಮಚ ಮಾತ್ರ. ಮನೆ ಬಿಟ್ಟು ಎಲ್ಲಿಗೆ ಹೋದರೂ ಅದನ್ನು ಹೊತ್ತೇ ಹೋಗುವವಳು, ಸಮುದ್ರಕ್ಕೂ ಟವೆಲ್ ಸುತ್ತಿ ಐಸ್ ಪೆಟ್ಟಿಗೆಯ ತಳದಲ್ಲಿಟ್ಟು ತಂದಿದ್ದಳು. ಮೇಲಾಗಿ ಅಂದು ಸಂಜೆಯೇ ಅವಳ ಚಿಕ್ಕಮ್ಮ ವಿಮಾನದಲ್ಲಿ ಬಂದಿಳಿಯುವವರಿದ್ದರು. "ಮೊದಲನೇ ತುತ್ತಿಗೇ ನಿಮ್ಮಕ್ಕನ ಮೊಸರು ಬಡಿಸ್ತೀನಿ ಅಂತ ಚಿಕ್ಕಮ್ಮಂಗೆ ಮಾತು ಕೊಟ್ಟಿದೀನಿ" ಅಂತ ಹಿಂದಿನ ದಿನ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು.

ನಾವು ಅಲ್ಲಿದ್ದದ್ದು ಆರು ಜನ. ನರ್ಸಕ್ಕ, ಎಲೆಕ್ಟ್ರಿಕ್ ಕೆಲಸ ಮಾಡುವ ಅವಳ ಗಂಡ ಕರೆಂಟಣ್ಣ, ಶಿಶುವಿಹಾರದಲ್ಲಿ ಪಾಠ ಹೇಳುವ ಟೀಚರಮ್ಮ, ಲಾರಿ ಓಡಿಸುವ ಡುಮ್ಮಣ್ಣ, ನಮ್ಮ ಅತ್ತಿಗೆ, ಮತ್ತು ನಾನು. ಕ್ಯಾಂಪಿನ ಯೋಚನೆ ಡುಮ್ಮಣ್ಣನದು. ವಾರವೆಲ್ಲ ಬಸ್ ಓಡಿಸಿ ಸೊಂಟ ಬಿದ್ದುಹೋದ ನನಗೆ, ಮನೆಯಲ್ಲಿ ಒಳ್ಳೆ ಮಂಚ ಇರುವಾಗ ಮರಳಿನ ಮೇಲೆ ಹೊರಳಾಡುವ ಕರ್ಮ ಬೇಕಿರಲಿಲ್ಲ. ಆದರೆ ಅಣ್ಣನ ಮನೆಯಲ್ಲಿ ಇರುವವನು ಅತ್ತಿಗೆ ಹೊರಟರೆ ಹೊರಡಲೇಬೇಕು.

ಅತ್ತಿಗೆ ಒಂದು ದೊಡ್ಡ ಅಂಗಡಿಯಲ್ಲಿ ಜನ ಹಿಂದಿರುಗಿಸುವ ಸಾಮಾನು ತಗೊಳ್ಳುವ ಕೌಂಟರಿನಲ್ಲಿ ಕೂರುತ್ತಾರೆ. "ಪೆಟ್ಟಿಗೆ ತೆಗೆದಾಗಲೇ ಹೀಗಿತ್ತು, ನಾನು ಮುಟ್ಟೇ ಇಲ್ಲ" ಎನ್ನುವವರ ಮುಖವನ್ನೂ ಒಡೆದ ಮಿಕ್ಸಿಯನ್ನೂ ನೋಡಿ ಸತ್ಯ ಯಾವುದು, ಬುರುಡೆ ಯಾವುದು ಎಂದು ಹೇಳುವುದೇ ಅವರ ಉದ್ಯೋಗ. ನಮ್ಮ ಬಳಗದಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ದೂರು ಬರುವುದು ಅವರ ಹತ್ತಿರ. ಅವರ ಪತ್ತೇದಾರಿಕೆಗೆ ಡ್ರೈವರೂ ನಾನೇ, ನಡುನಡುವೆ ಬೈಸಿಕೊಳ್ಳುವವನೂ ನಾನೇ.

ಅಂದು ಬೆಳಿಗ್ಗೆ ಮೊದಲು ಎಲ್ಲರ ಕಣ್ಣೂ ಹೋದದ್ದು ಡುಮ್ಮಣ್ಣನ ಮೇಲೆ. ಅವನು ಆಗಷ್ಟೇ ಟೆಂಟಿನಿಂದ ಕಣ್ಣುಜ್ಜಿಕೊಳ್ಳುತ್ತ ಹೊರಬಂದಿದ್ದ.

"ಅಯ್ಯೋ, ನನ್ನ ಯಾಕೆ ನುಂಗೋ ಹಾಗೆ ನೋಡ್ತೀರಾ? ನಾನು ತಿಂದಿದ್ರೆ ತೊಳೀತಿದ್ನಾ?" ಎಂದ. ವಿಷಯ ತಿಳಿದ ಕೂಡಲೇ ಬರಿಗಾಲಲ್ಲಿ ಓಡಿ ಪಾತ್ರೆ ಬುಟ್ಟಿ ತಡಕಾಡಿದ. "ತಡಿಯಕ್ಕ, ಸೌಟಲ್ಲಿ ಚೂರಾದ್ರೂ ಅಂಟಿರುತ್ತೆ. ಒಂದು ತೊಟ್ಟು ಸಿಕ್ರೂ ಸಾಕಲ್ವಾ!"

ಸೌಟು ಒಣಗಿ ಹೊಳೆಯುತ್ತಿತ್ತು. ಹಿಂದಿನ ರಾತ್ರಿ ಊಟವಾದ ಮೇಲೆ ಟೀಚರಮ್ಮ ಒಂದು ಪಾತ್ರೆಯನ್ನೂ ಬಿಡದೆ ತೊಳೆದು, ಒರೆಸಿ, ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದ್ದಳು.

ಒಲೆಯ ಹತ್ತಿರ ಕೂತಿದ್ದ ಕರೆಂಟಣ್ಣ ಎದ್ದೇಳಲಿಲ್ಲ. "ಹೋಗ್ಲಿ ಬಿಡೇ, ದಾರೀಲಿ ಅಂಗಡಿಯಿಂದ ತಗೊಳ್ಳೋಣ. ಮೊಸರು ಮೊಸರೇ ತಾನೆ?" ಎಂದ.

"ಏನಂದ್ರಿ?" ನರ್ಸಕ್ಕ ಗಂಡನನ್ನು ಒಂದು ಕ್ಷಣ ದುರುಗುಟ್ಟಿ ನೋಡಿದಳು. ಆಮೇಲೆ ಸರಕ್ಕನೆ ಟೀಚರಮ್ಮನ ಕಡೆ ತಿರುಗಿದಳು. "ನಿನ್ನೆ ಪಾತ್ರೆ ತೊಳೆದವಳು ನೀನು. ನಾನು ಕೊಟ್ಟ ಹೆಪ್ಪನ್ನ ನಿನ್ನ ಮನೇಲಿ ಚೆಲ್ಲಿದ್ದಾಯ್ತು, ಈಗ ನನ್ನದಕ್ಕೂ ಒಂದು ಗತಿ ಕಾಣಿಸಿದೆಯಾ? ಹೊಟ್ಟೆ ತಣ್ಣಗಾಯ್ತಾ?"

"ನಾನು ಮುಟ್ಟಿಲ್ಲ ಕಣೇ" ಎಂದಳು ಟೀಚರಮ್ಮ. ಅಷ್ಟೇ. ಅವಳ ಕಣ್ಣು ತುಂಬಿಬಂದವು.

ಇವರಿಬ್ಬರೂ ಮೊದಲು ಒಂದೇ ರೂಮಿನಲ್ಲಿದ್ದು, ಒಂದೇ ತಟ್ಟೆಯಲ್ಲಿ ಉಂಡವರು. ಯಾರದೋ ಗೃಹಪ್ರವೇಶಕ್ಕೆ ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಹೋದಳೆಂಬ ಸಣ್ಣ ಮಾತು ಬೆಳೆದು, ನರ್ಸಕ್ಕ ಸಿಟ್ಟಿನಲ್ಲಿ "ನಮ್ಮಮ್ಮನ ಹೆಪ್ಪು ನಿನ್ನ ಮನೇಲಿ ಇರೋದು ಬೇಡ, ಚೆಲ್ಲಿಬಿಡು" ಅಂದುಬಿಟ್ಟಿದ್ದಳು. ಅಂದಿನಿಂದ ಮಾತು ಅಷ್ಟಕ್ಕಷ್ಟೆ. ಕ್ಯಾಂಪಿಗೆ ಬಂದರೆ ಸರಿಹೋಗುತ್ತಾರೆ ಎಂದು ಅತ್ತಿಗೆ ಹಟ ಹಿಡಿದು ಇಬ್ಬರನ್ನೂ ಹೊರಡಿಸಿದ್ದರು. ಸರಿಹೋದ ಚೆಂದ ನೋಡಿ!

ಅತ್ತಿಗೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮೂಸಿದರು. ಮುಚ್ಚಳದ ರಬ್ಬರ್ ಬಳೆಯನ್ನು ಉಗುರಿನಿಂದ ಎಬ್ಬಿಸಿ ಅದರ ಸಂದಿ ನೋಡಿದರು. ಐಸ್ ಪೆಟ್ಟಿಗೆ ತೆರೆದರು. ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು, ಡಬ್ಬಿಗೆ ಸುತ್ತಿದ್ದ ಟವೆಲ್ ಮಡಚಿ ಮೂಲೆಯಲ್ಲಿತ್ತು.

"ನೀವಿಬ್ರೂ ಯಾವಾಗ ಹೊರಟಿದ್ದೋ?" ಎಂದು ನನ್ನನ್ನು ಕೇಳಿದರು.

"ಬೆಳಕು ಹರಿಯೋ ಮುಂಚೆ, ಅತ್ತಿಗೆ. ಈಗಲೇ ವಾಪಸ್ ಬರ್ತಿರೋದು."

"ಮಧ್ಯದಲ್ಲಿ ಇವಳು ಈ ಕಡೆ ಬಂದ್ಲಾ?"

"ಇಲ್ಲ. ದೋಣಿಯವರ ಹತ್ತಿರ ನಿಂತು ಬಲೆ ಎಳೆಯೋದು ನೋಡ್ತಿದ್ವಿ."

"ನಾನೂ ನರ್ಸೂ ಸ್ನಾನದ ಮನೆ ಸಾಲಲ್ಲಿ ನಿಂತಿದ್ವಿ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಕೇಳಿದರು: "ನಿನ್ನೆ ಊಟಕ್ಕೆ ಬಡಿಸಿದ್ದು ಈ ಹೆಪ್ಪಿನ ಮೊಸರೇ ತಾನೆ?"

"ಹೂಂ ಅಕ್ಕ" ಎಂದಳು ನರ್ಸಕ್ಕ.

ಆ ಊಟ ನನಗೂ ನೆನಪಿತ್ತು. ಡುಮ್ಮಣ್ಣ ಮೂರನೇ ಸಲ ಬಡಿಸಿಕೊಳ್ಳುತ್ತ, "ಅಕ್ಕಾ, ಮೊದಲು ನಿಮ್ಮನೆ ಮೊಸರು ಎತ್ತಿದ್ರೆ ದಾರದ ಹಾಗೆ ಎಳೆ ಬರ್ತಿತ್ತು. ಇದೇನು ಹೀಗೆ ಗಡ್ಡೆ ಗಡ್ಡೆ?" ಎಂದಿದ್ದ. "ಹಾಲು ಬದಲಾಗಿದೆ ಕಣೋ, ಈಚೆಗೆ ಹೀಗೇ. ರುಚಿ ಮಾತ್ರ ಅಮ್ಮಂದೇ" ಎಂದು ನರ್ಸಕ್ಕ ಗದರಿದ್ದಳು. ಟೀಚರಮ್ಮ ಚಮಚದಲ್ಲಿ ಮೊಸರು ತೆಗೆದು ಎದೆಮಟ್ಟಕ್ಕೆ ಎತ್ತಿ ಹಿಡಿದು ನೋಡಿದಳು, ಒಂದಿಷ್ಟು ನೆಕ್ಕಿದಳು, ಏನೋ ಹೇಳಹೊರಟು ಸುಮ್ಮನಾಗಿ ತಟ್ಟೆ ಪಕ್ಕಕ್ಕೆ ಸರಿಸಿದಳು. ಕರೆಂಟಣ್ಣ ನೀರು ತರುತ್ತೇನೆಂದು ಎದ್ದುಹೋಗಿದ್ದ.

ಅತ್ತಿಗೆ ಚಾಪೆ ಹಾಸಿದರು. "ಎಲ್ಲರೂ ಕೂತ್ಕೊಳ್ಳಿ. ಕಾಫಿ ಆರೋದ್ರೊಳಗೆ ಮುಗಿಸೋಣ."

ಸಮುದ್ರ ತನ್ನಷ್ಟಕ್ಕೆ ತಾನು ಬಂದು ಹೋಗುತ್ತಿತ್ತು. ನಾವು ಸುತ್ತಲೂ ಕೂತೆವು. ನರ್ಸಕ್ಕ ಮಾತ್ರ ಟೀಚರಮ್ಮನಿಗೆ ಬೆನ್ನು ಹಾಕಿ ಕೂತಳು.

"ಮೊದಲು ಟೀಚರ್ ವಿಷಯ" ಎಂದರು ಅತ್ತಿಗೆ. "ಅವಳು ತೊಳೆದ ಪಾತ್ರೆಗಳು ಬುಟ್ಟೀಲಿ ಒಣಗಿ ಕೂತಿವೆ. ಡಬ್ಬಿ ಮಾತ್ರ ನಲ್ಲಿ ಹತ್ರ ನೀರು ಸುರಿಸ್ತಿತ್ತು. ಅಂದ್ರೆ ಈಗ ತಾನೆ ತೊಳೆದಿದ್ದು. ಆಗ ಅವಳು ನಮ್ಮ ಮೈದುನನ ಜೊತೆ ದೋಣಿ ನೋಡ್ತಿದ್ದಳು. ಅವಳನ್ನ ಬಿಟ್ಟುಬಿಡು."

"ಹಾಗಾದ್ರೆ ಇವನೇ!" ನರ್ಸಕ್ಕ ಡುಮ್ಮಣ್ಣನನ್ನು ತೋರಿಸಿದಳು.

"ಇವನು ಐಸ್ ಪೆಟ್ಟಿಗೆಗೆ ಕೈ ಹಾಕಿದ್ರೆ ಒಳಗೆ ಬಾಟಲಿ ಹೀಗೆ ಸಾಲಾಗಿ ನಿಂತಿರುತ್ತಾ? ಟವೆಲ್ ಮಡಚುತ್ತಾನಾ ಇವನು? ಹುಟ್ಟಿದಾಗಿಂದ ಒಂದು ಬಟ್ಟೆ ಮಡಚಿಲ್ಲ."

"ಅದು ನಿಜ" ಎಂದ ಡುಮ್ಮಣ್ಣ ಹೆಮ್ಮೆಯಿಂದ.

"ನಮ್ಮ ಕೌಂಟರಿಗೆ ದಿನಾ ಕೆಟ್ಟ ಸಾಮಾನು ಬರುತ್ತೆ. ತಪ್ಪಿ ಕೆಡಿಸಿದೋರು ಅದನ್ನ ಧೂಳು ಕೊಳೆ ಸಮೇತ ಹಾಗೇ ತರ್ತಾರೆ. ಏನೋ ಮುಚ್ಚಿಡಬೇಕು ಅನ್ನೋರು ಮಾತ್ರ ತೊಳೆದು ಒರೆಸಿ ತರ್ತಾರೆ. ಈ ಮುಚ್ಚಳದ ರಬ್ಬರ್ ಕೆಳಗೆ ಕೂಡ ಉಜ್ಜಿದಾರೆ. ಹಸಿವಾಗಿ ತಿಂದೋರು ರಬ್ಬರ್ ಬಿಚ್ಚಿ ತೊಳೀತಾರಾ? ಹೆಪ್ಪಿಗೆ ಎಷ್ಟು ಬೇಕು? ಸಂದೀಲಿ ಅಂಟಿದಷ್ಟು ಸಾಕು. ಆ ಅಷ್ಟೂ ಉಳೀಬಾರ್ದು, ಇದರಿಂದ ಇನ್ನು ಮೊಸರು ಆಗಲೇಬಾರ್ದು ಅಂತ ತೊಳೆದಿದ್ದು ಇದು."

ನರ್ಸಕ್ಕ ಅತ್ತಿಗೆಯ ಕಡೆ ತಿರುಗಿದಳು. "ಅಂಥಾ ದ್ವೇಷ ಯಾರಿಗಿದೆ ಅಕ್ಕಾ, ನನ್ನ ಮೇಲೆ?"

"ದ್ವೇಷ ಅಲ್ಲ, ಹೆದರಿಕೆ. ಮೊಸರು ಎಳೆ ಬಿಡೋದು ಈಚೆಗೆ ನಿಂತಿದೆ. ನೀನು ಹಾಲಿನ ಮೇಲೆ ಹಾಕಿದೆ. ನಿನ್ನ ನಾಲಿಗೆಗೆ ಅಮ್ಮ ಬೇಕಿತ್ತು, ಅದಕ್ಕೆ ಅಮ್ಮ ಸಿಕ್ತಿದ್ಳು. ಆದರೆ ಸಂಜೆ ಬರೋ ಚಿಕ್ಕಮ್ಮ ಚಮಚ ಎತ್ತಿದ ಕೂಡಲೇ 'ಇದು ನಮ್ಮಕ್ಕನ ಮೊಸರಲ್ಲ' ಅಂದುಬಿಡ್ತಾರೆ. ಅದಕ್ಕೂ ಮೊದಲು ಡಬ್ಬಿ ಖಾಲಿಯಾಗಬೇಕಿತ್ತು. ಮನೇಲಿ ಖಾಲಿ ಮಾಡಿದ್ರೆ ಅನುಮಾನ ಒಬ್ಬರ ಮೇಲೇ. ಇಲ್ಲಾದ್ರೆ ಆರು ಜನರ ಕೈ." ಅತ್ತಿಗೆ ಕಾಫಿ ಲೋಟ ಕೆಳಗಿಟ್ಟರು. "ಹೆಪ್ಪು ಹೋಯ್ತು ಅಂದಾಗ ಡುಮ್ಮಣ್ಣ ಬರಿಗಾಲಲ್ಲಿ ಓಡಿ ಹುಡುಕಿದ. ಒಬ್ಬ ಮಾತ್ರ ಕೂತ ಜಾಗದಿಂದ ಏಳಲಿಲ್ಲ. ನಾವೆಲ್ಲ ಆಚೆ ಹೋದಾಗ ಇಲ್ಲಿ ಎದ್ದು ಒಲೆ ಹಚ್ಚಿದವನೂ ಅವನೊಬ್ಬನೇ. ನೀನೇ ಹೇಳ್ತೀಯಾ, ನಾನು ಹೇಳಲಾ?"

ಕರೆಂಟಣ್ಣ ತಲೆ ತಗ್ಗಿಸಿ ಮರಳು ಕೆದಕುತ್ತಿದ್ದ.

"ಈಚೆಗೆ ಒಂದಿನ ಅವಳಿಗೆ ನೈಟ್ ಡ್ಯೂಟಿ ಇತ್ತು" ಎಂದ ಕೊನೆಗೆ. "ಹೆಪ್ಪು ಹಾಕಿಡಿ ಅಂದಿದ್ಳು. ನಿದ್ದೆಗಣ್ಣಲ್ಲಿ ಕುದಿಯೋ ಹಾಲಿಗೇ ಡಬ್ಬೀನ ಪೂರ್ತಿ ಬಗ್ಗಿಸಿಬಿಟ್ಟೆ. ಹಾಲೆಲ್ಲ ಒಡೆದುಹೋಯ್ತು. ಅಂಗಡಿ ಮೊಸರು ತಂದು ಡಬ್ಬೀಲಿ ಹಾಕಿಟ್ಟೆ, ಬಂದ ಕೂಡಲೇ ಹೇಳೋಣ ಅಂತ. ಅವಳು ಊಟಕ್ಕೆ ಕೂತು, 'ಅಮ್ಮ ಪಕ್ಕದಲ್ಲಿ ಕೂತ ಹಾಗಿದೆ ರೀ' ಅಂದ್ಳು. ಆಮೇಲೆ ಹೇಗೆ ಹೇಳೋದು ಅಕ್ಕ?"

ನರ್ಸಕ್ಕ ಗಂಡನನ್ನೇ ನೋಡುತ್ತಿದ್ದಳು. "ಅಂದ್ರೆ ನಮ್ಮಮ್ಮ ಆವತ್ತೇ ಹೋಗಿಬಿಟ್ಟಿದ್ಳು" ಎಂದಳು. "ನಾನು ಹುಚ್ಚಿ ಹಾಗೆ ದಿನಾ ಅಂಗಡಿ ಮೊಸರಿಗೆ ಅಮ್ಮ ಅಮ್ಮ ಅಂತಿದ್ದೆ."

"ಹೆಪ್ಪು ಕೆಟ್ಟಿದ್ದು ಕೈತಪ್ಪು, ಬಿಡು" ಎಂದರು ಅತ್ತಿಗೆ ಕರೆಂಟಣ್ಣನಿಗೆ. "ಇವಳು ಟೀಚರನ್ನ ಎಲ್ಲರೆದುರು ದೂರಿದಾಗ ಬಾಯಿಗೆ ಬೀಗ ಹಾಕ್ಕೊಂಡು ಕೂತೆಯಲ್ಲ, ಅದನ್ನ ನಾನು ಕ್ಷಮಿಸಲ್ಲ."

"ತಪ್ಪಾಯ್ತು" ಎಂದ ಅವನು ಟೀಚರಮ್ಮನ ಕಡೆ ತಿರುಗಿ.

"ಇನ್ನೊಂದಿದೆ" ಎಂದರು ಅತ್ತಿಗೆ. "ನಿನ್ನೆ ಊಟದಲ್ಲಿ ಟೀಚರ್ ಕೈ ತಾನಾಗೇ ಚಮಚ ಎತ್ತಿ ಎಳೆ ನೋಡ್ತು. ಇದು ದಿನಾ ಮನೇಲಿ ಅಂಥ ಮೊಸರು ಬಡಿಸಿಕೊಳ್ಳೋರ ಅಭ್ಯಾಸ. ನೆಕ್ಕಿದ ಕೂಡಲೇ ಇದು ಬೇರೆ ಅಂತ ಅವಳಿಗೆ ಗೊತ್ತಾಯ್ತು. ಹೇಳೋ ಹಾಗಿರಲಿಲ್ಲ, ಯಾಕಂದ್ರೆ ಚೆಲ್ಲು ಅಂದಿದ್ದನ್ನ ಅವಳು ಚೆಲ್ಲಿಲ್ಲ. ಅಲ್ವೇನೇ?"

ಟೀಚರಮ್ಮ ಹೌದೆಂದು ತಲೆಯಾಡಿಸಿದಳು.

ನಾನು ಟೆಂಟು ಬಿಚ್ಚಿದಷ್ಟು ಬೇಗ ಆ ದಡದಲ್ಲಿ ಯಾರೂ ಬಿಚ್ಚಿರಲಾರರು. ವಿಮಾನ ನಿಲ್ದಾಣಕ್ಕೆ ಮೊದಲು ನೇರ ಟೀಚರಮ್ಮನ ಮನೆಗೆ ಗಾಡಿ ಬಿಟ್ಟೆ. ಇಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ. ಅವಳು ಫ್ರಿಜ್ಜಿನಿಂದ ಒಂದು ಗಾಜಿನ ಬಟ್ಟಲು ತೆಗೆದು, ಚಮಚ ಅದ್ದಿ ಎತ್ತಿದಳು. ಮೊಸರು ಬಟ್ಟಲಿನಿಂದ ಚಮಚದವರೆಗೆ ತೆಳ್ಳಗೆ ಎಳೆ ಬಿಟ್ಟು ನಿಂತಿತು.

"ಚೆಲ್ಲು ಅಂದಿದ್ದೆನಲ್ಲೇ ನಾನು" ಎಂದಳು ನರ್ಸಕ್ಕ.

"ನೀನು ಅಂದಿದ್ದಕ್ಕೆಲ್ಲ ಹೂಂ ಅನ್ನೋಕೆ ನಾನೇನು ನಿನ್ನ ಗಂಡನಾ?"

ನರ್ಸಕ್ಕ ನಕ್ಕಳು. ಚಮಚ ಬಾಯಿಗಿಟ್ಟವಳು ಹಾಗೇ ನೆಲದ ಮೇಲೆ ಕುಸಿದು ಕೂತು, ಗೆಳತಿಯ ಮಡಿಲಲ್ಲಿ ಮುಖ ಹುದುಗಿಸಿ ಜೋರಾಗಿ ಅತ್ತಳು. "ನಿನ್ನ ಎಷ್ಟು ಕೆಟ್ಟದಾಗಿ ಅಂದುಬಿಟ್ಟೆ ಕಣೇ!" ಟೀಚರಮ್ಮ ಅವಳ ತಲೆ ನೇವರಿಸುತ್ತ, "ಅಂದೆ. ಇನ್ನೊಂದ್ಸಲ ಅಂದ್ರೆ ಹೆಪ್ಪು ಕೊಡಲ್ಲ" ಎಂದಳು. ನನಗೂ ಕಣ್ಣು ತುಂಬಿತು. ಡುಮ್ಮಣ್ಣ ಅದನ್ನು ನೋಡಿ ಹಲ್ಲು ಕಿರಿದ, ಆದರೆ ಅವನ ಮೂಗೂ ಕೆಂಪಾಗಿತ್ತು.

ಕರೆಂಟಣ್ಣ ಹೊಸಿಲ ಆಚೆಯೇ ನಿಂತಿದ್ದ, ಒಳಗೆ ಬರುವ ಧೈರ್ಯವಿಲ್ಲದೆ. ಬಹಳ ಹೊತ್ತಾದ ಮೇಲೆ ನರ್ಸಕ್ಕ ಕಣ್ಣೊರೆಸಿಕೊಂಡು, ಅವನ ಕಡೆ ನೋಡದೆಯೇ ಮಾತಾಡಿದಳು.

"ಬಟ್ಟಲಲ್ಲಿರೋದು ಇವತ್ತು ಚಿಕ್ಕಮ್ಮನ ಊಟಕ್ಕೆ. ನಾಳೆಗೆ ಹೆಪ್ಪು ಹಾಕ್ಬೇಕು. ಒಳಗೆ ಬಂದು ಹಾಲು ಕಾಯಿಸಿ. ಆರೋವರೆಗೂ ಕಾಯಿರಿ. ಬೆರಳಿಟ್ಟು ನೋಡಿ ನನ್ನ ಕರೀರಿ."

ಅವನು ಒಳಗೆ ಬಂದು ಒಲೆ ಹಚ್ಚಿದ. ಹಾಲು ಉಕ್ಕಿ, ಒಲೆಯಿಂದ ಇಳಿದು, ಕೆನೆಗಟ್ಟಿ, ಆರುವವರೆಗೂ ಪಾತ್ರೆಯ ಮುಂದಿನಿಂದ ಕದಲಲಿಲ್ಲ. ಆಮೇಲೆ ಕಿರುಬೆರಳು ಅದ್ದಿ ನೋಡಿದ, ಮತ್ತೊಮ್ಮೆ ಅದ್ದಿ ನೋಡಿದ, ಮೆಲ್ಲಗೆ ಹೆಂಡತಿಯ ಹೆಸರು ಹಿಡಿದು ಕರೆದ.