ಒಂದು ವರ್ಷಕ್ಕೆ ಬಾಡಿಗೆಗೆ ಪಡೆದ ಕಾರು

ನವೆಂಬರ್ 14, ಬೆಳಿಗ್ಗೆ 10.40. ಠಾಣೆಗೆ ಬಂದ ಹೆಂಗಸು, ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್, ಇನ್ಸ್‌ಪೆಕ್ಟರರ ಮೇಜಿನ ಮೇಲೆ ಕರವಸ್ತ್ರ ಬಿಚ್ಚಿಟ್ಟಳು. ಒಳಗೆ ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರವಿತ್ತು. ಅದಕ್ಕೆ ಒಣಗಿದ ರಕ್ತವೂ ಎರಡು ಬಿಳಿಕೂದಲೂ ಅಂಟಿದ್ದವು.

ಆಕೆ ಓಡಿಸುತ್ತಿದ್ದದ್ದು ಒಂದು ವರ್ಷಕ್ಕೆಂದು ಬಾಡಿಗೆಗೆ ಪಡೆದ ಕಾರು. ಮುಂದಿನ ದೀಪ ಕೆಟ್ಟಿತ್ತು. ಗಂಡ ಕೆಲಸಕ್ಕೆ ಹೋಗಿದ್ದರಿಂದ ತಾನೇ ಗ್ಯಾರೇಜಿಗೆ ಒಯ್ದಿದ್ದಳು. ಮೆಕ್ಯಾನಿಕ್ ಬಂಪರ್ ಬಿಚ್ಚಿದಾಗ ಇದು ಸಿಕ್ಕಿತು. ಆಮೇಲೆ ಅವನು ಆ ಗಾಡಿ ಮುಟ್ಟಲಿಲ್ಲ.

“ನಮಗಿಂತ ಮುಂಚೆ ಬಾಡಿಗೆಗೆ ತಗೊಂಡವರು ಯಾರಿಗೋ ಗುದ್ದಿದಾರೆ ಸರ್,” ಎಂದಳು.

ದೂರು ಬರೆಸಿಕೊಂಡು, 11.30ಕ್ಕೆ ಗ್ಯಾರೇಜಿನಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡಿದರು. ಯಂತ್ರದ ಮೇಲಿನ ನಂಬರು ನೋಡಿ, ಅದನ್ನು ಮಾರಿದ ಅಂಗಡಿಯವನು ಹತ್ತೇ ನಿಮಿಷದಲ್ಲಿ ಗುರುತಿಸಿದ. ಕೊಂಡವನು ಒಬ್ಬ ವಯಸ್ಸಾದ ದರ್ಜಿ.

ಇನ್ಸ್‌ಪೆಕ್ಟರರು ಹಳೆಯ ಕಡತ ತರಿಸಿದರು. ಎಫ್‌ಐಆರ್ ಅವರದೇ ಠಾಣೆಯದು. ಮಾರ್ಚ್ 9, ಬೆಳಿಗ್ಗೆ ಆರು ಗಂಟೆ ಸುಮಾರು, ಅಪರಿಚಿತ ವಾಹನ ಡಿಕ್ಕಿ, ದರ್ಜಿಯ ಸಾವು. ‘ಬಲಗಿವಿಯ ಯಂತ್ರ ಪತ್ತೆಯಾಗಿಲ್ಲ’ ಎಂದೂ ಬರೆದಿತ್ತು. ಡಿಕ್ಕಿಯಾದ ಮೇಲೆ ಅರ್ಧ ಗಂಟೆಯಾದರೂ ಜೀವವಿತ್ತು ಎಂಬುದು ವೈದ್ಯರ ವರದಿ.

ಬಾಡಿಗೆ ಕಂಪನಿಗೆ ಹೋಗಿದ್ದ ಹೆಡ್ ಕಾನ್‌ಸ್ಟೆಬಲ್ ಎರಡು ಗಂಟೆಗೆ ಮರಳಿದಳು. ಬಂದವಳು ಕೂರಲಿಲ್ಲ.

“ಸರ್, ಅದು ಹೊಸ ಗಾಡಿ. ಶೋರೂಮಿಂದ ಬಂದಿದ್ದೇ ಇವರಿಗೆ ಕೊಟ್ಟಿದ್ದು. ಇವರಿಗಿಂತ ಮುಂಚೆ ಯಾರೂ ಇಲ್ಲ.”

ಮಾರ್ಚ್ ಒಂದರಿಂದ ಒಂದೇ ತಿಂಗಳಿಗೆ ಮಾಡಿಕೊಂಡ ಕರಾರು ಅದು. ಹತ್ತನೇ ತಾರೀಕು ಗಂಡನೇ ಹೋಗಿ ಅದನ್ನು ವರ್ಷಕ್ಕೆ ವಿಸ್ತರಿಸಿದ್ದ. ಸರ್ವೀಸಿಗೆ ಕಂಪನಿಯವರು ಗಾಡಿ ಒಯ್ಯಕೂಡದು, ತಾನೇ ಮಾಡಿಸಿಕೊಳ್ಳುತ್ತೇನೆ ಎಂದೂ ಬರೆಸಿದ್ದ.

ನರ್ಸ್ ಇನ್ನೂ ಬೆಂಚಿನ ಮೇಲಿದ್ದಳು. ಇನ್ಸ್‌ಪೆಕ್ಟರರು ಎದುರಿಗೆ ಕುರ್ಚಿ ಎಳೆದುಕೊಂಡು, ದರ್ಜಿಗೆ ಡಿಕ್ಕಿಯಾದ ಬೀದಿ, ವೈದ್ಯರ ವರದಿ ಎರಡನ್ನೂ ಹೇಳಿದರು.

“ಮಾರ್ಚ್ ಒಂಬತ್ತು, ಬೆಳಿಗ್ಗೆ. ಕಾರು ಯಾರ ಹತ್ರ ಇತ್ತು?”

ಆಕೆ ಬೆರಳು ಮಡಚಿ ವಾರ ಎಣಿಸಿದಳು. ಆ ವಾರವೆಲ್ಲ ಒಬ್ಬ ರೋಗಿಯ ಮನೆಯಲ್ಲಿ ರಾತ್ರಿಪಾಳಿ. ಬೆಳಿಗ್ಗೆ ಗಂಡ ಬಂದು ಕರೆದೊಯ್ಯುತ್ತಿದ್ದ. ಒಂದು ದಿನ ಮಾತ್ರ, ತಡವಾಯಿತು, ಆಟೋ ಹಿಡಿದು ಬಾ ಎಂದು ಫೋನ್ ಮಾಡಿದ್ದ. ಎಣಿಸುತ್ತಿದ್ದ ಬೆರಳು ಅಲ್ಲಿಗೇ ನಿಂತಿತು. ಹೆಡ್ ಕಾನ್‌ಸ್ಟೆಬಲ್ ನೀರು ಕೊಟ್ಟಳು. ಲೋಟ ಕೈಯಲ್ಲೇ ಉಳಿಯಿತು.

ಗಂಡ ಶಾಲೆಯೊಂದರ ಬಸ್ ಚಾಲಕ. ಮಕ್ಕಳಿಗೆಲ್ಲ ‘ಬಸ್ ಮಾಮ’. ಕೊನೆಯ ಮಗು ಇಳಿದು ಮನೆಯೊಳಗೆ ಹೋಗುವವರೆಗೆ ಇನ್ಸ್‌ಪೆಕ್ಟರರು ಜೀಪಿನಲ್ಲೇ ಕಾದರು. ಸಂಜೆ 4.25ಕ್ಕೆ ದಸ್ತಗಿರಿಯಾಯಿತು. ಅವನು ಕೊಸರಾಡಲಿಲ್ಲ.

“ಇಳಿದು ನೋಡಿದ್ಯಾ?”

“ನೋಡ್ದೆ ಸರ್. ಉಸಿರಾಡ್ತಿದ್ರು.”

“ಆಮೇಲೆ?”

“ಬಸ್ಸಿಗೆ ಟೈಮಾಗಿತ್ತು. ಮಕ್ಕಳು ಕಾಯ್ತಿದ್ರು.”

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿ ತಲೆಯೆತ್ತಿದ. ಅವತ್ತು ಬಸ್ಸು ಒಂದು ನಿಮಿಷವೂ ತಡವಾಗಿರಲಿಲ್ಲ ಎಂಬುದು ಶಾಲೆಯ ಪುಸ್ತಕದಲ್ಲಿತ್ತು.

ಹೆದರಿದ್ದು ಜೈಲಿಗಲ್ಲ ಎಂದು ಅವನು ಹೇಳಿಕೆಯಲ್ಲಿ ಬರೆಸಿದ. ಇಪ್ಪತ್ತೆರಡು ವರ್ಷ ಒಂದು ಮಗುವಿಗೂ ಗೀರು ಬೀಳದಂತೆ ಮನೆ ಸೇರಿಸಿದವನು. ವಿಷಯ ಗೊತ್ತಾದರೆ ಯಾವ ತಾಯಿಯೂ ಮಗುವನ್ನು ತನ್ನ ಕೈಗೆ ಕೊಡುವುದಿಲ್ಲ ಎಂಬುದೊಂದೇ ಅವನ ತಲೆಯಲ್ಲಿತ್ತು. ಕಾರು ತನ್ನ ಬಳಿಯೇ ಇದ್ದರೆ ಬೇರೆ ಯಾರೂ ಅದನ್ನು ಬಗ್ಗಿ ನೋಡುವುದಿಲ್ಲ ಎಂದುಕೊಂಡಿದ್ದ.

ಬಂಧನದ ವಿಷಯ ಹತ್ತಿರದ ಸಂಬಂಧಿಕರಿಗೆ ತಿಳಿಸಿ ಸಹಿ ಪಡೆಯಬೇಕಿತ್ತು. ನರ್ಸ್ ಕಾಗದವನ್ನು ಪೂರ್ತಿ ಓದಿ ಸಹಿ ಹಾಕಿದಳು.

“ಅರ್ಧ ಗಂಟೆ ಜೀವ ಇತ್ತು ಅಂದ್ರಲ್ಲ ಸರ್,” ಎಂದಳು. “ನಾನು ಎರಡು ಬೀದಿ ಆಚೆ ಇದ್ದೆ.”