ಬ್ರೆಡ್ ವ್ಯಾನಿಗೆ ಪೆಟ್ರೋಲು ಹಾಕಿದವಳು

"ಕ್ಯಾನಿಗೆ ಹಾಕಲ್ಲ ಅಂದ್ರೆ ಹಾಕಲ್ಲ! ಬೋರ್ಡ್ ಕಾಣಿಸಲ್ವಾ ನಿಮಗೆ?"

ಅವಳ ದನಿ ಕೇಳಿ ಪಕ್ಕದ ಪೈಪಿನವನೇ ಬೆಚ್ಚಿಬಿದ್ದ. ಬಂಕಿನಲ್ಲಿ ಎಲ್ಲರೂ ಅವಳನ್ನು 'ಸೈಲೆನ್ಸರ್' ಎಂದು ಕರೆಯುತ್ತಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಅರ್ಧ!

ಆದರೆ ಆ ದಿನದ ಕಥೆಯೇ ಬೇರೆ. ನಾಳೆಯಿಂದ ಟ್ಯಾಂಕರ್ ಬರುವುದಿಲ್ಲವಂತೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರಿ ಊರಿಗೆ ಊರೇ ಬಂಕಿನ ಮುಂದೆ ನಿಂತಿತ್ತು. ಟ್ಯಾಂಕ್ ಖಾಲಿಯಾದವರು ಸರಿ, ತುಂಬಿದ್ದವರೂ ಬಂದಿದ್ದರು. ವರ್ಷಕ್ಕೊಮ್ಮೆ ಸ್ಕೂಟರ್ ಹೊರಗೆ ತೆಗೆಯುವ ನಿವೃತ್ತ ಮೇಷ್ಟ್ರು ಕೂಡ ಬೆವರು ಒರೆಸಿಕೊಳ್ಳುತ್ತ ಸಾಲಿನಲ್ಲಿದ್ದರು.

ಎದುರಿಗೆ ನಿಂತವನ ಹುಬ್ಬಿಗೆ ಹಿಟ್ಟು ಮೆತ್ತಿತ್ತು. ಕೈಯಲ್ಲಿ ಖಾಲಿ ಕ್ಯಾನು.

"ಮೇಡಂ, ಒಂದು ನಿಮಿಷ ಕೇಳಿ. ನಂದು ಬೇಕರಿ ವ್ಯಾನು. ಅದೋ, ತಿರುವಿನಲ್ಲಿದೆ. ಮುಳ್ಳು ಪೂರ್ತಿ ಕೆಳಗೆ ಬಂದಿದೆ. ಈ ಸಾಲಿನಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ರೆ ಅಲ್ಲೇ ನಿಂತುಬಿಡುತ್ತೆ. ಸ್ವಲ್ಪ ಡೀಸೆಲ್ ಕೊಡಿ. ಆಸ್ಪತ್ರೆಗೆ ಬ್ರೆಡ್ ತಲುಪಿಸ್ಬೇಕು."

"ಬೆಳಗ್ಗೆಯಿಂದ ಎಲ್ಲರೂ ಇದನ್ನೇ ಹೇಳ್ತಿದಾರೆ."

"ನಾನು ಸುಳ್ಳು ಹೇಳ್ತಿದೀನಿ ಅಂತೀರಾ?" ಅವನ ದನಿಯೂ ಏರಿತು.

"ಸಾಲಿನಲ್ಲಿ ಬನ್ನಿ!"

ಅವನು ಕ್ಯಾನು ಎತ್ತಿಕೊಂಡು ಹೊರಟುಹೋದ.

*ಹೋಗಲಿ. ಮನೆಯಲ್ಲಿ ಇನ್ನೆಷ್ಟು ಕ್ಯಾನು ತುಂಬಿಟ್ಟಿದ್ದಾನೋ!*

ಆದರೆ ಬಿಸಿಲು ನೆತ್ತಿಗೇರುವ ಹೊತ್ತಿಗೆ ಬಿಳಿ ವ್ಯಾನೊಂದು ಸದ್ದಿಲ್ಲದೆ ಬಂಕಿನೊಳಗೆ ಉರುಳಿ ಬಂತು. ಕಿಟಕಿಯಿಂದ ಕೈ ಹಾಕಿ ಸ್ಟೇರಿಂಗ್ ಹಿಡಿದು ಅವನೇ ತಳ್ಳುತ್ತಿದ್ದ. ಹಿಂದೆ ಸಾಲಿನವರು ಇಬ್ಬರು ಕೈಜೋಡಿಸಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು.

ಅವಳ ಎದೆ ಚುರುಕ್ ಎಂದಿತು. *ಛೇ... ನಿಜವನ್ನೇ ಹೇಳಿದ್ದ!*

"ಡೀಸೆಲ್," ಎಂದ ಅವನು ಏದುಸಿರಿನ ನಡುವೆ.

ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಮನಸ್ಸು ಅವನ ಬೆವರಿನ ಮೇಲಿತ್ತು. ಬೆಳಗಿನಿಂದ ಬೈಕುಗಳಿಗೇ ಹಾಕಿ ಹಾಕಿ ಪಳಗಿದ ಕೈ ತಾನಾಗಿಯೇ ಪೆಟ್ರೋಲಿನ ಪೈಪಿಗೆ ಹೋಯಿತು. ಅವನು ವ್ಯಾನಿನ ಆಚೆ ನಿಂತು ತಳ್ಳಿದವರಿಗೆ ಥ್ಯಾಂಕ್ಸ್ ಹೇಳುತ್ತಿದ್ದ.

ವ್ಯಾನು ಗೇಟು ದಾಟಿತು. ಕೆಮ್ಮಿತು. ನಡುಗಿತು. ರಸ್ತೆಯ ಮಧ್ಯದಲ್ಲೇ ನಿಂತಿತು.

ಅವಳು ಕೈಯಲ್ಲಿದ್ದ ಪೈಪು ನೋಡಿದಳು. ಅದು ಪೆಟ್ರೋಲಿನದು!

"ಡೀಸೆಲ್ ಗಾಡಿಗೆ ಪೆಟ್ರೋಲು ಹಾಕಿದಾರೆ!" ಎಂದು ಸಾಲಿನಲ್ಲಿ ಯಾರೋ ಕೂಗಿದ್ದು ಕೇಳಿ ಬಂಕಿನ ಯಜಮಾನಿ ಕೋಣೆಯಿಂದ ಓಡಿಬಂದರು. "ಯಾರು ಮಾಡಿದ್ದಿದು? ಜನ ಒಂದೊಂದು ಹನಿಗೆ ಬಡಿದಾಡ್ತಿರೋವಾಗ ಡೀಸೆಲ್ ಗಾಡಿಗೆ ಪೆಟ್ರೋಲು! ಯಾರು ಹಾಕಿದ್ದೋ ಅವರು ಈಗಲೇ ಮನೆಗೆ ಹೋಗ್ಲಿ!"

ಮನೆಗೆ... ಆ ಮನೆ ನಡೆಯುತ್ತಿದ್ದದ್ದೇ ಅವಳ ಈ ಕೆಲಸದಿಂದ. ಅಮ್ಮನ ಔಷಧಿ, ತಂಗಿಯ ಕಾಲೇಜು.

"ನಂದೇ ತಪ್ಪು," ಎಂದಿತು ಒಂದು ದನಿ.

ಹುಬ್ಬಿಗೆ ಹಿಟ್ಟು ಮೆತ್ತಿದವನು!

"ಬೈಕಿಗೆ ಹಾಕಿಸಿ ಅಭ್ಯಾಸ. ಬಾಯಿ ತಪ್ಪಿ ಪೆಟ್ರೋಲ್ ಅಂದುಬಿಟ್ಟೆ. ಅವರು ನಾನು ಹೇಳಿದ್ದನ್ನೇ ಹಾಕಿದ್ರು."

ಯಜಮಾನಿ ಅವನಿಗೆ ಬಾಯಿಗೆ ಬಂದಂತೆ ಬೈದರು. ಸಾಲಿನವರೂ ಬೈದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಇವಳು... ಸುಮ್ಮನೆ ನಿಂತಿದ್ದಳು. ಭಯ ಎಂಥ ಒಳ್ಳೆಯವರ ನಾಲಿಗೆಯನ್ನೂ ಕಟ್ಟಿಹಾಕುತ್ತದೆ ನೋಡಿ.

ಸಂಜೆ ಕ್ಯಾಷಿಯರ್ ಅಕ್ಕನಿಗೆ ಮಾತ್ರ ನಿಜ ಹೇಳಿದಳು.

"ಗಂಡಸರು ಪುಕ್ಕಟೆ ಉಪಕಾರ ಮಾಡಲ್ಲ ಕಣೇ," ಎಂದಳು ಅಕ್ಕ. "ನಾಳೆ ಹಲ್ಲು ಕಿರಿದುಕೊಂಡು ಬರ್ತಾನೆ ನೋಡು."

ಮರುದಿನ ಅವನು ಬಂದೇ ಬಂದ! ಕೈಯಲ್ಲೊಂದು ಕಾಗದದ ಪೊಟ್ಟಣ.

ಅವಳ ಮೈ ಉರಿಯಿತು. "ಏನು ಬೇಕು ನಿಮಗೆ? ನಿನ್ನೆ ಹೇಳಿದ ಸುಳ್ಳಿಗೆ ಬದಲಾಗಿ ನನ್ನ ಫೋನ್ ನಂಬರಾ?"

ಅವನ ಮುಖ ಬಿಳಿಚಿಕೊಂಡಿತು.

"ನಿನ್ನೆ ನೀವು ಊಟಕ್ಕೆ ಎದ್ದಿದ್ದು ಕಾಣ್ಲಿಲ್ಲ," ಎಂದ ಮೆಲ್ಲಗೆ. "ಇವತ್ತೂ ಇದೇ ಗಲಾಟೆ ಇರುತ್ತೆ ಅಂತ ಬನ್ನು ತಂದೆ. ಬೇಡದಿದ್ರೆ ಬೇರೆಯವರಿಗೆ ಕೊಡಿ."

ಪೊಟ್ಟಣ ಕುರ್ಚಿಯ ಮೇಲಿಟ್ಟು ನಡೆದುಹೋದ. ತಿರುಗಿ ನೋಡಲಿಲ್ಲ.

ಅವಳು ಆ ಬನ್ನು ತಿನ್ನಲಿಲ್ಲ, ಬೇರೆಯವರಿಗೆ ಕೊಡಲೂ ಇಲ್ಲ. ಮನಸ್ಸು ಯಾವುದಕ್ಕೂ ಒಪ್ಪಲಿಲ್ಲ.

ಆಮೇಲೆ ಅವನು ಬರಲಿಲ್ಲ. ಟ್ಯಾಂಕರ್ ತಡವಾಗಿಯಾದರೂ ಬಂತು, ಸಾಲು ಸ್ವಲ್ಪ ಕರಗಿತು. ಬಿಳಿ ಗಾಡಿ ಕಂಡಾಗಲೆಲ್ಲ ಅವಳ ಕತ್ತು ಆ ಕಡೆಗೆ ತಿರುಗುತ್ತಿತ್ತು. *ಬರದಿದ್ದರೆ ನನಗೇನಂತೆ?* ಎಂದುಕೊಳ್ಳುತ್ತಿದ್ದಳು, ಮತ್ತೆ ನೋಡುತ್ತಿದ್ದಳು.

ಒಂದು ದಿನ ಗ್ಯಾರೇಜಿನ ಮೆಕ್ಯಾನಿಕ್ ಬೈಕಿಗೆ ಪೆಟ್ರೋಲ್ ಹಾಕಿಸಿಕೊಳ್ಳಲು ಬಂದ.

"ಆ ಬ್ರೆಡ್ ವ್ಯಾನು..." ಅವಳಿಗೆ ತಡೆಯಲಾಗಲಿಲ್ಲ. "ರಿಪೇರಿ ಆಯ್ತಾ?"

"ಎಲ್ಲಿ ಆಗುತ್ತೆ? ಪೆಟ್ರೋಲು ಹೋಗಿ ಡೀಸೆಲ್ ಪಂಪೇ ಕೆಟ್ಟು ಕೂತಿದೆ. ಬಿಡಿಭಾಗ ಬರ್ಬೇಕು. ಪಾಪ, ಆ ಹುಡುಗನ ಕೈಯಿಂದ ಬೇಕರಿ ನಡೆಸೋ ಅವನ ಸೋದರಮಾವ ಬೀಗದ ಕೈ ಕಿತ್ತುಕೊಂಡ್ರಂತೆ. ನಿನಗೆ ಇನ್ಮೇಲೆ ಗಾಡಿ ಇಲ್ಲ ಅಂತ. ತಳ್ಳುಗಾಡಿಯಲ್ಲಿ ಬ್ರೆಡ್ ಇಟ್ಕೊಂಡು ಊರೆಲ್ಲ ತಿರುಗ್ತಿದಾನೆ."

ಅವಳ ಕಣ್ಣು ತುಂಬಿತು. ಅಷ್ಟಾದರೂ ಅವನು ನಿಜ ಹೇಳಿರಲಿಲ್ಲ! ಬನ್ನು ತಂದುಕೊಟ್ಟ ದಿನವೂ ಹೇಳಿರಲಿಲ್ಲ! ತಾನು ಅವನನ್ನು ಏನೆಂದು ಕೇಳಿದ್ದಳು...

ನೇರ ಯಜಮಾನಿಯ ಕೋಣೆಗೆ ಹೋದಳು.

"ಅಮ್ಮಾ, ಆ ಪೆಟ್ರೋಲು ಹಾಕಿದ್ದು ನನ್ನ ತಪ್ಪು. ಅವರು ಡೀಸೆಲ್ ಅಂತಲೇ ಹೇಳಿದ್ರು. ನನ್ನ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ."

ಶುರುವಾಯಿತು ಯಜಮಾನಿಯ ಬೈಗುಳ! ಕೊನೆಗೆ, "ಇವತ್ತಿಗೆ ಪೈಪು ಮುಟ್ಟಬೇಡ. ನಿನ್ನ ಕೆಲಸದ ವಿಷಯ ನಾಳೆ ಹೇಳ್ತೀನಿ, ನಡಿ!" ಎಂದರು.

ಅವಳು ಸಮವಸ್ತ್ರದಲ್ಲೇ ಬೇಕರಿಗೆ ಓಡಿದಳು.

ಒಲೆಯ ಮುಂದೆ ಸೋದರಮಾವ ತಟ್ಟೆಗಳನ್ನು ಹೊರಗೆಳೆಯುತ್ತಿದ್ದರು. ಅವನು ತಳ್ಳುಗಾಡಿಗೆ ಬ್ರೆಡ್ ಜೋಡಿಸುತ್ತಿದ್ದ. ಅಂಗೈಗೆ ಬಟ್ಟೆ ಸುತ್ತಿತ್ತು, ಹಿಡಿಕೆ ತಿಕ್ಕಿ ಬೊಕ್ಕೆ ಎದ್ದಿರಬೇಕು. ಅವಳನ್ನು ಕಂಡು ಗಾಬರಿಯಾದ. ಬೇಡ ಎಂಬಂತೆ ತಲೆಯಾಡಿಸಿದ.

ಅವಳು ಕೇಳಲಿಲ್ಲ. ಮಾವನ ಎದುರು ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಅಂದ್ರೆ..." ಮಾವ ಅಳಿಯನ ಕಡೆ ತಿರುಗಿದರು. "ಇಷ್ಟು ದಿನ ನನ್ನ ಕೈಲಿ ಸುಮ್ಮನೆ ಬೈಸಿಕೊಂಡ್ಯಾ? ಬಾಯಿಗೇನು ಬೀಗ ಹಾಕಿದ್ರಾ?"

"ಹೇಳಿದ್ರೆ ನೀವು ಬಂಕಿಗೆ ಹೋಗಿ ಜಗಳ ತೆಗೀತಿದ್ರಿ, ಮಾವ."

"ತೆಗೀತಿದ್ದೆ! ಖಂಡಿತ ತೆಗೀತಿದ್ದೆ!"

"ಅದಕ್ಕೇ..."

ಮಾವ ಅವನನ್ನು ನೋಡಿದರು, ಅವಳನ್ನು ನೋಡಿದರು. ಮೀಸೆಯೊಳಗೇ ನಗು ಬಂತು. ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದು ಅವನ ಜೇಬಿಗೆ ಹಾಕಿದರು. "ವ್ಯಾನು ಬಂದ ಮೇಲೆ ನೀನೇ ಓಡಿಸು. ಈಗ ಗಾಡಿ ತಳ್ಳು, ಬ್ರೆಡ್ ಆರಿಹೋಗ್ತಿದೆ," ಎಂದು ಒಳಗೆ ಹೋದರು.

ಇಬ್ಬರೂ ಬೀದಿಗಿಳಿದರು. ಅವಳು ಹಿಡಿಕೆಯ ಇನ್ನೊಂದು ತುದಿ ಹಿಡಿದಳು.

"ಯಾಕೆ ಹಾಗೆ ಮಾಡಿದ್ರಿ?" ಕೇಳಿದಳು. "ನಾನು ಯಾರು ಅಂತಲೂ ಗೊತ್ತಿರ್ಲಿಲ್ಲ."

"ಸಾಲಿನಲ್ಲಿ ನಿಂತು ನಿಮ್ಮನ್ನೇ ನೋಡ್ತಿದ್ದೆ. ಎಲ್ಲರೂ ನಿಮ್ಮ ಮೇಲೆ ಕಿರುಚ್ತಿದ್ರು, ನಾನೂ ಸೇರಿ. ಒಬ್ಬ ಅಜ್ಜಿ ತಲೆಸುತ್ತಿ ಕುಸಿದಾಗ ನೀವು ನಿಮ್ಮ ನೀರಿನ ಬಾಟಲಿ ಕೊಟ್ಟು ಮತ್ತೆ ಬಂದು ಬೈಸಿಕೊಳ್ತಾ ನಿಂತ್ರಿ. ಆ ಹೊತ್ತಿಗೆ ಇನ್ನೊಂದು ಬೈಗುಳ ನಿಮಗೆ ಬೀಳೋದು ನನಗೆ ಬೇಕಿರ್ಲಿಲ್ಲ."

ಅವಳು ತಲೆ ತಗ್ಗಿಸಿದಳು. "ನಾನು ನಿಮ್ಮನ್ನ ಎಂಥ ಮಾತು ಕೇಳ್ದೆ..."

"ನಂಬರ್ ವಿಷಯಾನಾ? ಅದು ಬೇಕು ಅಂತ ಅನ್ನಿಸ್ತಿತ್ತು, ನಿಜ. ಅದಕ್ಕೇ ಓಡಿಹೋದೆ."

ಅವಳಿಗೆ ನಗು ಬಂತು.

"ನಾಳೆ ನನ್ನ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ. ಆದ್ರೂ ಮನಸ್ಸು ಹಗುರಾಗಿದೆ. ಇನ್ನು ಮೇಲೆ ನನಗೋಸ್ಕರ ಸುಳ್ಳು ಹೇಳ್ಬೇಡಿ."

"ಹೇಳಲ್ಲ. ಒಂದು ನಿಜ ಹೇಳ್ಲಾ?"

"ಹೇಳಿ..."

ಅವನು ಗಾಡಿ ನಿಲ್ಲಿಸಿದ. "ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಬಟ್ಟೆ ಸುತ್ತಿದ ಅವನ ಕೈಯನ್ನು ಹಿಡಿಕೆಯಿಂದ ಮೆಲ್ಲಗೆ ಬಿಡಿಸಿ, ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಏನಾದ್ರೂ ಹೇಳಿ!" ಎಂದ ಅವನು ಗಾಬರಿಯಿಂದ.

"ನನಗೂ ಇಷ್ಟ," ಎಂದಳು. "ಈ ಕೈ ವಾಸಿಯಾಗೋವರೆಗೂ ಗಾಡಿ ನಾನು ತಳ್ತೀನಿ. ನೀವು ಪಕ್ಕದಲ್ಲಿ ನಡೀರಿ, ಸಾಕು."